ಮೊದಲ ಟ್ಯಾಕ್ ನಡುವೆ

(ಗುರುತು ಹತ್ತಬಾರದೆಂದು ಹೆಸರು, ಊರು, ವಯಸ್ಸು, ಕಂಪನಿಯ ಮಾಲು ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ. ಬರೆದದ್ದನ್ನು ಅವರಿಗೆ ಓದಿ ಹೇಳಿಯೂ ಆಗಿದೆ.)

ಮೊದಲು ಬಂದದ್ದು ಹೆಂಡತಿ. 2024ರ ಮಳೆಗಾಲ, ಒಂದು ಶನಿವಾರ ಸಂಜೆ. ನಮ್ಮ ಆಪ್ತಸಲಹೆ ಕೇಂದ್ರ ಇರುವುದು ಪೀಣ್ಯ–ದಾಸರಹಳ್ಳಿ ಕಡೆ, ಬರುವವರಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳೇ ಹೆಚ್ಚು. ಈಕೆಯೂ ಗಾರ್ಮೆಂಟ್ಸ್‌ನವರೇ, ಚೆಕಿಂಗ್ ವಿಭಾಗ. "ನಮ್ಮೆಜಮಾನ್ರು ರಾತ್ರಿ ನಿದ್ದೆ ಮಾಡಲ್ಲ ಮೇಡಂ. ಕಣ್ಣು ಮುಚ್ಚಿದ್ರೂ ಬಲಗೈ ಆಡ್ತಾನೇ ಇರುತ್ತೆ, ಗಾಳೀಲಿ ಏನೋ ಗೀಟು ಎಳೆಯೋ ಹಾಗೆ. ಎಬ್ಬಿಸಿದ್ರೆ ರೇಗ್ತಾರೆ." ವಾರಕ್ಕೊಮ್ಮೆ ಇದ್ದ ಕುಡಿತ ದಿನಾ ಒಂದು ಕ್ವಾರ್ಟರ್‌ಗೆ ಬಂದಿತ್ತು. ಕೆಲಸ ಬಿಟ್ಟು ಬರುವ ದುಡ್ಡಿನಲ್ಲಿ ಟಾಟಾ ಏಸ್ ತೆಗೆಯುತ್ತೇನೆ ಅಂತ ಹಟ ಹಿಡಿದಿದ್ದರು. ಮನುಷ್ಯ ಹೊಡೆಯುವವರಲ್ಲ, ಬೈಯುವವರೂ ಅಲ್ಲ. ಮಾತು ನಿಲ್ಲಿಸಿದ್ದರು, ಅಷ್ಟೇ. ಆಕೆಗೆ ಹೆಚ್ಚು ಭಯವಾದದ್ದು ಅದಕ್ಕೇ.

ಅವರನ್ನು ಶಿವಣ್ಣ ಎನ್ನೋಣ. ಬರಲು ಮೂರು ವಾರ ಹಿಡಿದರು. ಬಂದವರು ಕುರ್ಚಿಯ ಅಂಚಿನಲ್ಲಿ ಕೂತರು. ಎರಡೂ ಮುಂಗೈ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಸುಟ್ಟ ಚುಕ್ಕೆಗಳು. ವಯಸ್ಸು ನಲವತ್ತೊಂದು, ತುಮಕೂರು ಕಡೆಯವರು, ಐಟಿಐನಲ್ಲಿ ಒಂದು ವರ್ಷದ ವೆಲ್ಡರ್ ಟ್ರೇಡ್ ಮುಗಿಸಿದವರು. ಒಂದೇ ಕಂಪನಿಯಲ್ಲಿ ಹದಿನಾರು ವರ್ಷ, ಬೈಕಿಗೆ ಬೇಕಾದ ಬ್ರಾಕೆಟ್ಟುಗಳ ಲೈನು. ಮೊದಲ ಏಳು ವರ್ಷ ಕೈಯಲ್ಲಿ ವೆಲ್ಡಿಂಗ್ ಟಾರ್ಚ್ ಹಿಡಿದು ಸಿಒಟು, ಅಂದರೆ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ವೆಲ್ಡಿಂಗ್. ಆಮೇಲೆ ಎಸ್‌ಪಿಎಂ ಅನ್ನುವ, ಒಂದೇ ಬಗೆಯ ಕೆಲಸಕ್ಕೆಂದು ಮಾಡಿದ ಮೆಷಿನ್ ಬಂತು, ಇವರು ಅದರ ಆಪರೇಟರ್ ಆದರು. ಪೀಸನ್ನು ಹಿಡಿದಿಡುವ ಫಿಕ್ಸ್ಚರಿಗೆ ಅದನ್ನು ಕೂರಿಸುವುದು, ಕ್ಲ್ಯಾಂಪ್ ಹಾಕುವುದು, ಕರೆಂಟು, ವೈರ್ ಸ್ಪೀಡು ನೋಡಿಕೊಂಡು ಎರಡೂ ಕೈಯಲ್ಲಿ ಎರಡು ಬಟನ್ ಒತ್ತುವುದು.

ಆ ವರ್ಷ ಯುಗಾದಿ ಆದಮೇಲೆ ಶೆಡ್ಡಿಗೆ ಎರಡು ರೋಬೋ ಬಂದಿದ್ದವು. ಲೈನಿಗೆ ಒಂದು ಶಿಫ್ಟಿನಲ್ಲಿ ಐದು ಜನ ಇದ್ದರು. ರೋಬೋ ನಿಂತ ಜಾಗಕ್ಕೆ, ಅವರ ಮಾತಿನಲ್ಲಿ ಸೆಲ್ಲಿಗೆ, ಇಬ್ಬರು ಸಾಕು. ಮಿಕ್ಕವರು ಏನು ಮಾಡಬೇಕು ಅಂತ ಮ್ಯಾನೇಜರ್ ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ. "ಯಾರೂ ಏನೂ ಅಂದಿಲ್ಲ ಮೇಡಂ. ಅದೇ ಹೆದರಿಕೆ."

ಅಂದು ನಾನು ತಪ್ಪು ಮಾಡಿದೆ. ಮುಕ್ಕಾಲು ಗಂಟೆಯಲ್ಲಿ ಅರ್ಧ ಗಂಟೆ ನಾನೇ ಮಾತಾಡಿದೆ. ನಿಮಗೇನು ವಯಸ್ಸಾಗಿದೆ, ಹೊಸದನ್ನು ಕಲಿಯಿರಿ, ಕಂಪ್ಯೂಟರ್ ಬಂದಾಗಲೂ ಜನ ಹೆದರಿದ್ದರು, ಹೀಗೆ. ಅವರು ತಲೆಯಾಡಿಸಿ "ಸರಿ ಮೇಡಂ" ಅಂದು ಎದ್ದರು. ನಮ್ಮ ಕೆಲಸದಲ್ಲಿ "ಸರಿ ಮೇಡಂ" ಅನ್ನುವುದು ಬಾಗಿಲು ಹಾಕಿಕೊಂಡ ಸದ್ದು. ಒಂದು ತಿಂಗಳು ಇತ್ತ ಸುಳಿಯಲಿಲ್ಲ.

ಮತ್ತೆ ಕರೆತಂದದ್ದು ಮಗಳ ಮೊಬೈಲು. ಪಿಯುಸಿ ಓದುವ ಹುಡುಗಿ, ಅಪ್ಪನ ಕೆಲಸದ ಹೆಸರನ್ನು ಇಂಗ್ಲಿಷಿನಲ್ಲಿ ಹಾಕಿ ಹುಡುಕಿದ್ದಾಳೆ. ವೆಲ್ಡಿಂಗ್, ಸೋಲ್ಡರಿಂಗ್ ಮೆಷಿನ್ ಆಪರೇಟರ್: 61 ಪರ್ಸೆಂಟ್. ಅಪ್ಪ ಅದನ್ನು ಹೀಗೆ ಓದಿಕೊಂಡಿದ್ದರು: ನೂರು ಜನರಲ್ಲಿ ಅರವತ್ತೊಂದು ಜನಕ್ಕೆ ಗೇಟ್ ಪಾಸ್. ಶಿಫ್ಟಿನಲ್ಲಿ ಐದು ಜನ, ಅಂದರೆ ಮೂವರು. "ಲೆಕ್ಕ ಕರೆಕ್ಟಾಗೇ ಇದೆ ಅಲ್ವಾ ಮೇಡಂ? ಐದರಲ್ಲಿ ಮೂರು."

ಆ ಅಂಕಿ ಎಲ್ಲಿಯದು ಅಂತ ನನಗೆ ಗೊತ್ತಿತ್ತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಫ್ರೇ ಮತ್ತು ಓಸ್‌ಬೋರ್ನ್ 2013ರಲ್ಲಿ ಅಮೆರಿಕದ 702 ಕಸುಬುಗಳ ಮೇಲೆ ಹಾಕಿದ ಲೆಕ್ಕ. ಇಂಥಷ್ಟು ಜನರ ಕೆಲಸ ಹೋಗುತ್ತದೆ ಅಂತ ಅದು ಹೇಳುವುದಿಲ್ಲ; ಈ ಕಸುಬನ್ನು ಯಂತ್ರದಿಂದ ಮಾಡಿಸಲು ತಾಂತ್ರಿಕವಾಗಿ ಸಾಧ್ಯವಾಗುವ ಸಂಭವ ಎಷ್ಟು ಅಂತಷ್ಟೇ ಹೇಳುತ್ತದೆ. 702ರಲ್ಲಿ 70 ಕಸುಬನ್ನು ಮಾತ್ರ ತಜ್ಞರು ಕೂತು ಆಗುತ್ತೆ, ಆಗಲ್ಲ ಅಂತ ಗುರುತು ಹಾಕಿದರು, ಉಳಿದದ್ದನ್ನು ಕಂಪ್ಯೂಟರ್ ಅದರ ಮೇಲೆ ಅಂದಾಜು ಮಾಡಿತು. ಅದೇ ಪಟ್ಟಿಯಲ್ಲಿ ಕೈಯಲ್ಲಿ ವೆಲ್ಡಿಂಗ್ ಮಾಡುವವರಿಗೆ ಇನ್ನೂ ಹೆಚ್ಚು, 94. ಇದನ್ನು ಕೇಳಿ ಶಿವಣ್ಣ ಮೊದಲ ಸಲ ನಕ್ಕರು. "ಹಾಗಾದ್ರೆ ನಾನೇ ವಾಸಿ. ಸೈಟಲ್ಲಿ ಪೈಪ್ ಹೊಡೆಯೋ ನಮ್ಮ ಐಟಿಐ ದೋಸ್ತಿಗೆ 94! ಅವನು ದುಬೈಯಲ್ಲಿ ಹಾಯಾಗಿದಾನೆ." ಆ ದೋಸ್ತಿ 6ಜಿ ಪಾಸಾದವನಂತೆ. ನಲವತ್ತೈದು ಡಿಗ್ರಿ ಓರೆಯಾಗಿ ನಿಲ್ಲಿಸಿದ ಪೈಪನ್ನು ಅಲುಗಿಸದೆ ಸುತ್ತಲೂ ತಾನೇ ಬಗ್ಗಿ, ಎದ್ದು, ಮಲಗಿ ವೆಲ್ಡ್ ಮಾಡುವ ಪರೀಕ್ಷೆ ಅದು. ಅಂಥವನಿಗೆ 94, ಬಟನ್ ಒತ್ತುವವರಿಗೆ 61 ಅಂದಮೇಲೆ ಆ ಪಟ್ಟಿಯನ್ನು ಎಷ್ಟು ನಂಬಬೇಕು ಅನ್ನುವುದನ್ನು ಅವರೇ ತೀರ್ಮಾನಿಸಿಕೊಂಡರು.

ಹಾಗಂತ ರೋಬೋ ಸುಳ್ಳಲ್ಲ, ಅಲ್ಲೇ ಅವರ ಶೆಡ್ಡಿನಲ್ಲಿ ನಿಂತಿದೆ. ಅಮೆರಿಕದ ಓಹಿಯೋದಲ್ಲಿರುವ ಲಾರ್ಡ್ಸ್‌ಟೌನ್ ಕಾರ್ಖಾನೆಯಲ್ಲಿ ರೋಬೋಗಳು ಕಾರಿನ ಬಾಡಿಗೆ ಸ್ಪಾಟ್ ವೆಲ್ಡ್ ಹಾಕತೊಡಗಿದ್ದು 1969ರಲ್ಲಿ. ಅಲ್ಲಿಂದ ಪೀಣ್ಯದ ಒಂದು ಸಣ್ಣ ಶೆಡ್ಡಿಗೆ ಬರಲು ಐವತ್ತು ವರ್ಷದ ಮೇಲೆ ಬೇಕಾಯಿತು. ಇಲ್ಲಿ ಆರ್ಡರು ಚಿಕ್ಕದು, ಪೀಸು ವಾರಕ್ಕೊಂದು ಬಗೆ, ಕೂಲಿ ಅಗ್ಗ. ಇದರಲ್ಲಿ ಯಾವುದು ಬದಲಾದರೂ ರೋಬೋ ಬರುತ್ತದೆ. ಅವರ ಕಂಪನಿಯಲ್ಲಿ ಬದಲಾದದ್ದು ಆರ್ಡರು; ಒಂದೇ ಬ್ರಾಕೆಟ್ಟು ವರ್ಷಪೂರ್ತಿ ಬೇಕು ಅಂತ ದೊಡ್ಡ ಗಿರಾಕಿ ಸಿಕ್ಕಿದ್ದ. "ಆರ್ಡರ್ ಬಂದಾಗ ಸಿಹಿ ಹಂಚಿದ್ರು ಮೇಡಂ, ನಾನೂ ತಿಂದೆ."

ಅವತ್ತು ಒಂದು ಮನೆಗೆಲಸ ಕೊಟ್ಟೆ. ಆರರಿಂದ ಎರಡರವರೆಗಿನ ಶಿಫ್ಟಿನಲ್ಲಿ ಏನೇನು ಮಾಡುತ್ತೀರೋ ಎಲ್ಲ ಒಂದು ಪುಸ್ತಕದಲ್ಲಿ ಬರೆಯಿರಿ. "ವೆಲ್ಡಿಂಗ್ ಮಾಡಿದೆ" ಅಂತ ಒಂದು ಸಾಲು ಬರೆದರೆ ಒಪ್ಪಲ್ಲ ಅಂದೆ. ಮಗಳ ಹಳೆಯ ನೋಟ್ ಬುಕ್ಕಿನ ಹಿಂಬದಿಯಲ್ಲಿ ಬರೆದು ತಂದರು. ಇಪ್ಪತ್ತಮೂರು ಸಾಲು. ನಾಝಲ್ ಬಿಚ್ಚಿ ಸ್ಪ್ಯಾಟರ್ (ಸಿಡಿದು ಅಂಟಿದ ಲೋಹ) ಕೆರೆದೆ. ವೈರ್ ಸ್ಪೂಲ್ ಮುಗಿದಿತ್ತು, ಹದಿನೈದು ಕೇಜಿಯದು, ಹೊತ್ತು ತಂದು ಹಾಕಿದೆ. ಮೊದಲ ಪೀಸಿಗೆ ಉಳಿ ಹೊಡೆದು ನೋಡಿದೆ, ವೆಲ್ಡಿಂಗ್ ಬಿಟ್ಟುಕೊಳ್ಳಲಿಲ್ಲ. ಪ್ರೆಸ್ ಶಾಪಿಂದ ಬಂದ ಮಾಲಿನ ಅಂಚಲ್ಲಿ ಬರ್ (ಚೂಪಾಗಿ ಉಳಿದ ಲೋಹ) ಇತ್ತು, ಹೋಗಿ ಜಗಳ ಆಡಿ ಬಂದೆ. ಗ್ಯಾಸ್ ಕಡಿಮೆಯಾಗಿ ವೆಲ್ಡಿಂಗ್ ಗೆರೆಯಲ್ಲಿ ತೂತು ಬಂತು, ಸಿಲಿಂಡರ್ ಬದಲಿಸಿದೆ. ಸದ್ದು ಬದಲಾಯಿತು, ವೈರ್ ಸ್ಪೀಡ್ ಒಂದು ಗೆರೆ ಇಳಿಸಿದೆ.

"ಸದ್ದು ಬದಲಾಯಿತು ಅಂದರೇನು?" ಅಂತ ಕೇಳಿದೆ. ಮುಖ ಬಿಚ್ಚಿಕೊಂಡಿತು. ಎಲ್ಲ ಸರಿಯಾಗಿದ್ದರೆ ಕಾದ ಎಣ್ಣೆಗೆ ಬಜ್ಜಿ ಬಿಟ್ಟ ಹಾಗೆ ಒಂದೇ ಸಮ ಚುರ್ ಅನ್ನಬೇಕಂತೆ. ಪಟ ಪಟ ಅಂತ ಸಿಡಿದರೆ ಏನೋ ಎಡವಟ್ಟು. ಹತ್ತು ನಿಮಿಷ ಅದನ್ನೇ ಹೇಳಿದರು, ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ಮೊದಲ ಭೇಟಿಯಲ್ಲಿ ಮಾಡಬೇಕಿದ್ದದ್ದು ಇದನ್ನೇ.

ಆ ಇಪ್ಪತ್ತಮೂರರಲ್ಲಿ ರೋಬೋ ಮಾಡುವ ಸಾಲುಗಳಿಗೆ ಟಿಕ್ ಹಾಕಿ ಅಂದಾಗ ನಾಲ್ಕಕ್ಕೆ ಹಾಕಿದರು. ಇಲ್ಲಿ ಖುಷಿಪಟ್ಟು ನಿಲ್ಲಿಸುವುದು ಸುಲಭ: ನೋಡಿ, ನಾಲ್ಕೇ! ಆದರೆ ಪ್ರತಿ ಸಾಲಿನ ಮುಂದೆ ಎಷ್ಟು ಹೊತ್ತು ಅಂತಲೂ ಬರೆಸಿದ್ದೆ. ಎಂಟು ಗಂಟೆಯಲ್ಲಿ ಐದೂವರೆ ಗಂಟೆ ಆ ನಾಲ್ಕು ಸಾಲಿನಲ್ಲೇ ಹೋಗುತ್ತಿತ್ತು. ಅದನ್ನು ಮುಚ್ಚಿಡಲಿಲ್ಲ. ಐದು ಜನ ಇದ್ದಲ್ಲಿ ಇಬ್ಬರು ಸಾಕಾಗುವುದು ಹೀಗೇ: ಹತ್ತೊಂಬತ್ತು ಸಾಲು ಉಳಿಯುತ್ತವೆ ನಿಜ, ಅಷ್ಟನ್ನು ಮಾಡಲು ಐದು ಜನ ಬೇಡ. 2016ರಲ್ಲಿ ಓಇಸಿಡಿ ಅನ್ನುವ, ಹೆಚ್ಚಾಗಿ ಶ್ರೀಮಂತ ದೇಶಗಳ ಸಂಘಟನೆಗಾಗಿ ನಡೆದ ಇನ್ನೊಂದು ಅಧ್ಯಯನವೂ ಕಸುಬಿನ ಹೆಸರು ಬಿಟ್ಟು ಅದರೊಳಗಿನ ಬಿಡಿ ಕೆಲಸಗಳನ್ನು ಎಣಿಸಿತ್ತು. 21 ದೇಶಗಳ ಸರಾಸರಿ ಅಪಾಯ ಆಗ 9 ಪರ್ಸೆಂಟಿಗೆ ಇಳಿಯಿತು, ಆಕ್ಸ್‌ಫರ್ಡ್ ಲೆಕ್ಕದಲ್ಲಿ ಅಮೆರಿಕಕ್ಕೇ 47 ಇತ್ತು. ಸಮಾಧಾನ ಬೇಕಾದವರಿಗೆ ಒಂದು ಅಂಕಿ, ಹೆದರಬೇಕಾದವರಿಗೆ ಒಂದು. ನನಗೆ ನೋಟ್ ಬುಕ್ಕಿನ ಹಿಂಬದಿಯ ಲೆಕ್ಕವೇ ಹೆಚ್ಚು ನಂಬಿಕೆಯದು.

ಇಷ್ಟಾದರೂ ನಿದ್ದೆ ಬಂದಿರಲಿಲ್ಲ. ಸಾಯುವ ಯೋಚನೆ ಬರುತ್ತದೆಯೇ ಅಂತ ನೇರವಾಗಿ ಕೇಳಿದೆ. ಕೇಳಿದರೆ ಆ ಯೋಚನೆ ತಲೆಗೆ ಹೊಗುತ್ತದೆ ಅನ್ನುವುದು ತಪ್ಪು ನಂಬಿಕೆ. "ಇಲ್ಲ ಮೇಡಂ, ಮಕ್ಕಳಿದಾರೆ" ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ದಂಪತಿ ಇಬ್ಬರ ಫೋನಿನಲ್ಲೂ ಹಾಕಿಸಿದೆ. ನಿದ್ದೆ ಕೆಡಲು ಕೆಲಸದ ಭಯವೊಂದೇ ಕಾರಣ ಅಂತ ನನಗೆ ಅನಿಸಲಿಲ್ಲ. ಕೆಲಸ ಹೋಗುತ್ತದೆ ಅನ್ನುವವರು ದುಡ್ಡಿನ ಮಾತಾಡುತ್ತಾರೆ. ಇವರು ಒಮ್ಮೆಯೂ ಆಡಿರಲಿಲ್ಲ.

ನಾಲ್ಕನೇ ಭೇಟಿಯಲ್ಲಿ ಬಾಯಿಬಿಟ್ಟರು. ರೋಬೋ ಕೂರಿಸಿದ ಕಂಪನಿಯಿಂದ ಒಬ್ಬ ಹುಡುಗ ಬಂದಿದ್ದ, ಡಿಪ್ಲೊಮಾ ಮಾಡಿದವನು, ಇಪ್ಪತ್ತಮೂರು ವರ್ಷ. ಪೆಂಡೆಂಟ್ ಅನ್ನುವ ಡಬ್ಬಿ ಕೈಯಲ್ಲಿ ಹಿಡಿದು ರೋಬೋದ ತೋಳನ್ನು ಪಾಯಿಂಟಿಂದ ಪಾಯಿಂಟಿಗೆ ನಡೆಸಿ ಕಲಿಸುವವನು. ಇವರ ಹತ್ತಿರ ಬಂದು, "ಅಣ್ಣಾ, ನೀವು ಈ ಬ್ರಾಕೆಟ್ಟಿಗೆ ಯಾವ ಸೀಕ್ವೆನ್ಸಲ್ಲಿ ಹೊಡೀತೀರಾ?" ಅಂತ ಕೇಳಿದ್ದಾನೆ. ಇವರು, "ಎಡದಿಂದ ಬಲಕ್ಕೆ" ಅಂದಿದ್ದಾರೆ.

ಅದು ಸುಳ್ಳು. ಎಡದಿಂದ ಬಲಕ್ಕೆ ಒಂದೇ ಸಮ ಎಳೆದರೆ ಬಿಸಿ ಆರುತ್ತಾ ಆರುತ್ತಾ ತಗಡು ಒಂದು ಕಡೆ ಎಳೆದುಕೊಳ್ಳುತ್ತದೆ. ಕ್ಲ್ಯಾಂಪ್ ಇದ್ದಾಗ ಕಾಣುವುದಿಲ್ಲ, ಬಿಟ್ಟೊಡನೆ ಬಾಳೆಕಾಯಿಯ ಹಾಗೆ ಬಾಗುತ್ತದೆ. ಇವರು ಹದಿನಾರು ವರ್ಷದಿಂದ ಮೊದಲ ಟ್ಯಾಕ್ (ತಗಡು ಅಲುಗದಂತೆ ಹಾಕುವ ಚಿಕ್ಕ ಬೆಸುಗೆ) ನಡುವೆ ಹಾಕಿ, ಆಮೇಲೆ ಎರಡು ತುದಿ ಹಿಡಿದು, ಆ ಕಡೆ ಒಂದಿಷ್ಟು ಈ ಕಡೆ ಒಂದಿಷ್ಟು ಎಳೆಯುತ್ತಿದ್ದವರು. ಎಸ್‌ಪಿಎಂ ಬಂದಾಗಲೂ ಅದನ್ನೇ ಹೇಳಿ ಸೆಟ್ ಮಾಡಿಸಿದ್ದವರು ಇವರೇ.

ರೋಬೋ ಹೇಳಿದಂತೆಯೇ ಮಾಡಿತು. ಅಸೆಂಬ್ಲಿಯಲ್ಲಿ ತೂತಿಗೆ ಬೋಲ್ಟ್ ಕೂರಲಿಲ್ಲ, ಮಾಲೆಲ್ಲ ರಿಜೆಕ್ಟ್. ಒಂದು ವಾರ ಫಿಕ್ಸ್ಚರ್ ಬಿಚ್ಚಿ ಹಾಕಿದರು, ವೋಲ್ಟೇಜ್ ತಿದ್ದಿದರು. ಕೊನೆಗೆ ಮ್ಯಾನೇಜರ್ ಎಲ್ಲರೆದುರು ಆ ಹುಡುಗನಿಗೆ ಬೈದರು. "ಅವ್ನು ಟಾಯ್ಲೆಟ್ಟಿಗೆ ಹೋಗಿ ಮುಖ ತೊಳಕೊಂಡು ಬಂದ ಮೇಡಂ. ಕಣ್ಣು ಕೆಂಪಾಗಿತ್ತು. ನನ್ನ ಹತ್ರ ಬಂದು, 'ಆರ್ಕ್ ಹೊಡೀತಣ್ಣ' ಅಂದ. ವೆಲ್ಡಿಂಗ್ ಬೆಳಕು ನೋಡಿ ಕಣ್ಣು ಉರಿ ಅಂತ. ನಾನು, ರಾತ್ರಿ ಮಲಗೋವಾಗ ಆಲೂಗಡ್ಡೆ ಬಿಲ್ಲೆ ಇಟ್ಕೊ ಅಂದೆ." ಇಲ್ಲಿ ಮಾತು ನಿಂತಿತು. ರಾತ್ರಿ ಗಾಳಿಯಲ್ಲಿ ಆಡುತ್ತಿದ್ದ ಕೈ ಏನನ್ನು ಎಳೆಯುತ್ತಿತ್ತು ಅಂತ ನನಗೆ ಆಗ ಹೊಳೆಯಿತು, ಕೇಳಲು ಹೋಗಲಿಲ್ಲ.

ಕಂಪನಿಗೆ ನಷ್ಟವಾಯಿತು ಅಂತ ಅವರಿಗೆ ಬೇಸರವಿರಲಿಲ್ಲ, ಇರಬೇಕಾಗಿಯೂ ಇಲ್ಲ. ತನ್ನ ಕೈ ಕಲಿತದ್ದನ್ನು ಕಿತ್ತುಕೊಂಡು ತನ್ನನ್ನೇ ಹೊರಹಾಕುತ್ತಾರೆ ಅನ್ನಿಸಿದವನು ಒಂದು ಮಾತು ಬಚ್ಚಿಟ್ಟುಕೊಂಡರೆ ಅದನ್ನು ಕಳ್ಳತನ ಅನ್ನಲು ನನಗೆ ಮನಸ್ಸಿಲ್ಲ. ಆದರೆ ಏಟು ಬಿದ್ದದ್ದು ಕಂಪನಿಗಲ್ಲ, ತನ್ನ ಮಗಳಿಗಿಂತ ಐದಾರು ವರ್ಷ ದೊಡ್ಡವನಾದ ಒಬ್ಬ ಕೂಲಿ ಹುಡುಗನಿಗೆ. ಅವನ ಕೆಲಸವೂ ಅಷ್ಟೇ ತೂಗುಯ್ಯಾಲೆಯದು.

ನಾನು ಕೊಟ್ಟ ಸಲಹೆಗಳನ್ನು ಆ ದಿನದ ನನ್ನ ಟಿಪ್ಪಣಿಯಲ್ಲಿ ಇದ್ದಂತೆಯೇ ಹೇಳುತ್ತೇನೆ.

ಮ್ಯಾನೇಜರ್ ಹತ್ತಿರ ಹೋಗಿ ತಪ್ಪೊಪ್ಪಿಕೊಳ್ಳುವುದು ಬೇಡ. ಹುಡುಗನ ಹತ್ತಿರ ಹೋಗಿ. ಕ್ಷಮೆ, ಕಣ್ಣೀರು ಏನೂ ಬೇಡ. ಒಂದು ಪೀಸ್ ತೆಗೆದುಕೊಂಡು ಕೈಯಲ್ಲಿ ವೆಲ್ಡ್ ಮಾಡಿ ತೋರಿಸಿ. ಅದಕ್ಕೆ ಬದಲಾಗಿ ಪೆಂಡೆಂಟ್ ಹಿಡಿಯುವುದನ್ನು ಕಲಿಸು ಅಂತ ಕೇಳಿ. ಅದು ಭಿಕ್ಷೆಯಲ್ಲ, ಕೊಟ್ಟು ತೆಗೆದುಕೊಳ್ಳುವುದು.

ಇನ್ನು ಮೇಲೆ ಏನೇ ಹೇಳಿಕೊಟ್ಟರೂ ಬರಹದಲ್ಲಿ ಕೊಡಿ. ಕಂಪನಿಯಲ್ಲಿ ಸಲಹೆ ಪೆಟ್ಟಿಗೆಯೋ, ಕೆಲಸದ ಸುಧಾರಣೆ ಬರೆದುಕೊಡುವ ಕೈಝೆನ್ ಹಾಳೆಯೋ ಏನಿದೆಯೋ ಅದರಲ್ಲಿ, ನಿಮ್ಮ ಹೆಸರು, ಟೋಕನ್ ನಂಬರ್, ತಾರೀಖಿನ ಜೊತೆ. ಬಾಯಲ್ಲಿ ಹೇಳಿದ್ದು ಮಾರನೇ ದಿನ ಯಾರದ್ದೋ ಆಗುತ್ತದೆ.

ರಾಜೀನಾಮೆ ಮಾತ್ರ ಕೊಡಬೇಡಿ. ಇದನ್ನು ಹೆಂಡತಿಯನ್ನೂ ಕೂರಿಸಿಕೊಂಡು ಹೇಳಿದೆ. ನಾನು ವಕೀಲೆಯಲ್ಲ, ಆದರೆ ಇಷ್ಟು ನನಗೂ ಗೊತ್ತು: ನಾವೇ ಬಿಟ್ಟು ಬಂದರೆ ಗ್ರಾಚ್ಯುಟಿ, ಪಿಎಫ್ ಬರುತ್ತದೆ, ಕಡಿತದ ಪರಿಹಾರ ಬರುವುದಿಲ್ಲ. ಕಂಪನಿ ತೆಗೆದರೆ, ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆ ಪ್ರಕಾರ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ, ಜೊತೆಗೆ ವರ್ಷವೊಂದಕ್ಕೆ 15 ದಿನದ ಸರಾಸರಿ ವೇತನ. ಹದಿನಾರು ವರ್ಷಕ್ಕೆ 240 ದಿನದ ಸಂಬಳ. ಸಿಟ್ಟಿನಲ್ಲಿ ಬರೆದ ನಾಲ್ಕು ಸಾಲಿಗೆ ಎಂಟು ತಿಂಗಳ ಅನ್ನ ಹೋಗುತ್ತದೆ. ಜನರನ್ನು ಕಡಿಮೆ ಮಾಡುವಂಥ ಯಂತ್ರ ಸುಧಾರಣೆ ತರುವುದಾದರೆ 21 ದಿನ ಮೊದಲು ನೋಟಿಸ್ ಕೊಡಬೇಕೆಂದೂ ಅದೇ ಕಾಯ್ದೆ ಹೇಳುತ್ತಿತ್ತು, ಕಂಪನಿ ಕೊಟ್ಟಿರಲಿಲ್ಲ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಓದಲು ಆಗದಿದ್ದರೆ ಫೋಟೊ ತೆಗೆದು ತನ್ನಿ ಅಂದೆ. (ಈಗ ಓದುವವರಿಗೆ: 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. 21 ದಿನದ ನೋಟಿಸ್, 15 ದಿನದ ಲೆಕ್ಕ ಅದರಲ್ಲೂ ಇವೆ. ಹೊಸದಾಗಿ ಸೇರಿದ್ದು ಮರುಕೌಶಲ ನಿಧಿ: ಕಡಿತವಾದವರ ಖಾತೆಗೆ 45 ದಿನದೊಳಗೆ ಇನ್ನೂ 15 ದಿನದ ವೇತನ ಬೀಳಬೇಕು.)

ಟಾಟಾ ಏಸ್ ವಿಷಯಕ್ಕೆ ಬೇಡ ಅನ್ನಲಿಲ್ಲ. ಗಾಡಿ ಓಡಿಸುವ ನಿಮ್ಮ ಪರಿಚಯದವರ ಜೊತೆ ವಾರದ ರಜೆಯಲ್ಲಿ ನಾಲ್ಕು ದಿನ ಕೂತು ಹೋಗಿ, ದಿನಕ್ಕೆ ಎಷ್ಟು ಹೊತ್ತು ಬಾಡಿಗೆಗೆ ಕಾಯುತ್ತಾರೆ ನೋಡಿ, ಆಮೇಲೆ ಮಾತಾಡೋಣ ಅಂದೆ. ಎರಡು ಭಾನುವಾರ ಹೋದರು. ಮೂರನೆಯದಕ್ಕೆ ಹೋಗಲಿಲ್ಲ. ಅದರ ಮಾತೂ ನಿಂತಿತು.

ಕುಡಿತಕ್ಕೆ ಉಪದೇಶ ಮಾಡಲಿಲ್ಲ. ನಿದ್ದೆಗೆಂದು ಕುಡಿಯುವವರಿಗೆ ನಡುರಾತ್ರಿ ಎಚ್ಚರವಾಗುತ್ತದೆ, ಆ ಹೊತ್ತಿನ ಯೋಚನೆಗಳೇ ಕೆಟ್ಟವು ಅಂತ ಮಾತ್ರ ಹೇಳಿದೆ. "ಹೌದು, ಎರಡೂವರೆಗೆ" ಅಂದರು, ಗಡಿಯಾರ ನೋಡಿದವರ ಹಾಗೆ.

ಸರ್ಕಾರಿ ಐಟಿಐಗೂ ಕಳಿಸಿದೆ. ರಾಜ್ಯದ 150 ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೇರಿಸಿ, 2022ರ ಜೂನ್‌ನಲ್ಲಿ ಪ್ರಧಾನಿಯಿಂದ ಉದ್ಘಾಟನೆ ಆಗಿತ್ತು. ರೋಬೋಟಿಕ್ಸ್ ಕಲಿಸುವ ವ್ಯವಸ್ಥೆ ಅಲ್ಲಿದೆ. ಒಳ್ಳೆಯ ಯೋಜನೆ. ಆದರೆ ಇವರು ವಿಚಾರಿಸಿದ ಕಡೆ ತರಗತಿಯ ವೇಳೆ ಪಾಳಿ ಕೆಲಸದವರಿಗೆ ಹೊಂದುವಂತಿರಲಿಲ್ಲ. ವಾರ ವಾರ ಶಿಫ್ಟ್ ಬದಲಾಗುವ ಮನುಷ್ಯ ಯಾವ ಕ್ಲಾಸಿಗೆ ಹೋಗಬೇಕು? ಕಲಿಯಿರಿ ಕಲಿಯಿರಿ ಅನ್ನುವ ನನ್ನಂಥವರು ಈ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕಿತ್ತು.

ಮುಂದೆ ಆದದ್ದು ಇಷ್ಟು. ಒಂದು ಸೆಕೆಂಡ್ ಶಿಫ್ಟಿನಲ್ಲಿ ಊಟದ ಬಿಡುವಾದಾಗ ಹುಡುಗನನ್ನು ಕರೆದು, ಮೂಲೆಯ ಹಳೆಯ ಮೆಷಿನ್ನಿನಲ್ಲಿ ಒಂದು ಬ್ರಾಕೆಟ್ ಮಾಡಿ ಕೈಗಿಟ್ಟರು. ಹುಡುಗ ಅದನ್ನು ಮೇಜಿನ ಮೇಲಿಟ್ಟು ಅಲುಗಿಸಿ ನೋಡಿದ. ಅಲುಗಲಿಲ್ಲ. ಏನೂ ಕೇಳಲಿಲ್ಲವಂತೆ, ಒಂದು ಗಳಿಗೆ ಇವರ ಮುಖ ನೋಡಿ ಪೆಂಡೆಂಟ್ ಎತ್ತಿಕೊಂಡ. "ಅವನಿಗೆ ಗೊತ್ತಾಯ್ತು ಮೇಡಂ. ಆದ್ರೂ ಅಣ್ಣಾ ಅಂತಾನೇ ಅಂದ." ಪ್ರೋಗ್ರಾಂ ತಿದ್ದಲು ಅರ್ಧ ಗಂಟೆ. ಕೈಝೆನ್ ಹಾಳೆಯಲ್ಲಿ ಇಬ್ಬರ ಹೆಸರೂ ಹೋಯಿತು; ಬಹುಮಾನ ಅಂತ ಒಂದು ಸ್ಟೀಲ್ ಡಬ್ಬಿ ಕೊಟ್ಟರು, ಅದರಲ್ಲೀಗ ಮನೆಯಲ್ಲಿ ರಾಗಿ ಹಿಟ್ಟಿದೆ.

ಸೆಲ್ಲಿಗೆ ಬೇಕಾದ ಇಬ್ಬರಲ್ಲಿ ಶಿವಣ್ಣ ಒಬ್ಬರಾದರು. ಸಂಬಳ ಅಷ್ಟೇ ಇದೆ, ಓಟಿ ಹೋಯಿತು. ಓಟಿಯೇ ಮನೆ ಬಾಡಿಗೆಯಾಗಿತ್ತು, ಹಾಗಾಗಿ ಮಗಳ ಕಾಲೇಜು ಫೀಸಿಗೆ ಹೆಂಡತಿ ಚೀಟಿ ಎತ್ತಿದ್ದಾರೆ. ನಿದ್ದೆ ಮಾಡುತ್ತಾರೆ. ಕುಡಿತ ನಿಂತಿಲ್ಲ, ಕಡಿಮೆಯಾಗಿದೆ. ಇನ್ನೊಂದು ರೋಬೋ ಬರುತ್ತದೆ ಅನ್ನುವ ಗಾಳಿಸುದ್ದಿ ಇದೆ. ಬಂದರೆ ಏನು ಅಂತ ಕೇಳಿದ್ದಕ್ಕೆ, "ಬಂದಾಗ ನೋಟಿಸ್ ಎಲ್ಲಿ ಅಂತ ಕೇಳ್ತೀನಿ" ಅಂದರು. ಕೇಳುತ್ತಾರೋ ಇಲ್ಲವೋ, ನೋಡಬೇಕು.

ಮಿಕ್ಕ ಮೂವರಲ್ಲಿ ಒಬ್ಬರನ್ನು ಸ್ಟೋರಿಗೆ ಹಾಕಿದರು. ಇನ್ನಿಬ್ಬರು ಕಾಂಟ್ರಾಕ್ಟ್ ಹುಡುಗರು. ಅವರಿಗೆ ನೋಟಿಸೂ ಇಲ್ಲ, 15 ದಿನದ ಲೆಕ್ಕವೂ ಇಲ್ಲ. ಒಂದು ಸೋಮವಾರ ಗೇಟಿನಲ್ಲಿ ಪಂಚ್ ಆಗಲಿಲ್ಲ, ಅಷ್ಟೇ. ಶಿವಣ್ಣನ ಬಳಿ ನಾನು ಎಂಟು ಭೇಟಿ ಮಾತಾಡಿದ್ದೇನೆ. ಆ ಇಬ್ಬರ ಹೆಸರನ್ನು ಕೇಳಿದ್ದು ಆರನೆಯದರಲ್ಲಿ.

ಹೋದ ಶನಿವಾರ ಅವರಲ್ಲೊಬ್ಬ ಬಂದ, ರಾಯಚೂರು ಕಡೆಯ ಹುಡುಗ. ಶಿವಣ್ಣನೇ ಅಡ್ರೆಸ್ ಕೊಟ್ಟು ಕಳಿಸಿದ್ದಂತೆ. ಅಪಾಯಿಂಟ್‌ಮೆಂಟ್ ಲೆಟರ್ ಇದೆಯಾ ಅಂತ ಕೇಳಿದೆ. ಜೇಬಿನಿಂದ ಹರಿದ ಗೇಟ್ ಪಾಸ್ ತೆಗೆದು ಮೇಜಿನ ಮೇಲಿಟ್ಟು, "ಇದ ಐತ್ರಿ ಮೇಡಂ" ಅಂದ. ಬರುವ ಶನಿವಾರ ನಾಲ್ಕು ಗಂಟೆಗೆ ಮತ್ತೆ ಬರಲು ಹೇಳಿದ್ದೇನೆ.